ಮಾವನ ಬಂಗಲೆಗೆ ಕವಿಗಳು ಬಂದದ್ದು

ನನ್ನ ಸೋದರಮಾವ ಬಂದು ಬಾಗಿಲು ತಟ್ಟಿದರೆಂದರೆ ನಮ್ಮ ಕಡೆಯ ಸಾಹಿತಿಗಳಿಗೆ ತಮ್ಮ ಆಯುಷ್ಯದ ಬಗ್ಗೆಯೇ ಅನುಮಾನ ಹುಟ್ಟುತ್ತಿತ್ತು! ಅವರೇನು ವೈದ್ಯರೂ ಅಲ್ಲ, ಜ್ಯೋತಿಷಿಯೂ ಅಲ್ಲ. ನಿವೃತ್ತ ಕನ್ನಡ ಮಾಸ್ತರು. ಸುರಪುರದ ಗುಡ್ಡದ ಮೇಲೆ ನಿಜಾಮರ ಕಾಲದ ಕಲ್ಲಿನ ಬಂಗಲೆಯೊಂದು ಆಡುಗಳ ಪಾಲಾಗಿ ಬಿದ್ದಿತ್ತು. ಊರಿನ ಹಿರಿಯರು ಅದನ್ನು ದುರಸ್ತಿ ಮಾಡಿಸಿ, ಈ ಸೀಮೆಯ ಬರಹಗಾರರ ಪುಸ್ತಕ, ಹಸ್ತಪ್ರತಿಗಳನ್ನು ಕಾಯ್ದಿಡುವ ಭಂಡಾರ ಮಾಡಿ, ಬೀಗದ ಕೈಯನ್ನು ಮಾವನಿಗೆ ಕೊಟ್ಟರು. ಅಷ್ಟೇ! ಆಮೇಲೆ ಕನ್ನಡದಲ್ಲಿ ಬರೆದ ಯಾವ ಹಾಳೆಗೂ ನೆಮ್ಮದಿ ಉಳಿಯಲಿಲ್ಲ.

ಆಡುಗಳಿಗೆ ಈ ಬದಲಾವಣೆಯನ್ನು ಯಾರು ತಿಳಿಸಬೇಕು? ಹಳೆಯ ರೂಢಿಯಂತೆ ಒಳಗೆ ಬಂದ ಒಂದು ಆಡು, ಯಾರದೋ ಕವಿತೆಯ ಅರ್ಧ ಪುಟ ಮೇಯ್ದಿತು. ಮಾವ ಅದರ ಬಾಯಿಂದ ಉಳಿದರ್ಧ ಎಳೆದು, ಇಸ್ತ್ರಿ ಮಾಡಿ, ಜೋಪಾನವಾಗಿ ಎತ್ತಿಟ್ಟರು.

"ಮಾವಾ, ಅರ್ಧ ಕವಿತಾ ಯಾರಿಗಿ ತಿಳೀತದ?" ಎಂದೆ.

"ಪೂರ್ತಿ ಇದ್ದಾಗರ ಯಾರಿಗಿ ತಿಳದಿತ್ತು?" ಎಂದರು.

ಅವರ ನಿಜವಾದ ಕಣ್ಣು ಇದ್ದದ್ದು ಶಹಾಪುರದ ಹಿರಿಯ ಕವಿಗಳೊಬ್ಬರ ಹಸ್ತಪ್ರತಿಗಳ ಮೇಲೆ. ಬಿಡುವು ಸಿಕ್ಕಾಗಲೆಲ್ಲ ಬಸ್ ಹತ್ತಿ ಅಲ್ಲಿಗೆ ಹೊರಡುವರು. ಒಮ್ಮೆ ನಾನೂ ಜೊತೆಗಿದ್ದೆ. ಕವಿಗಳು ಸುಮ್ಮನೆ ಕೆಮ್ಮಿದರು. ಮಾವ ಆಸೆಯಿಂದ ಮುಂದೆ ಬಾಗಿದರು!

"ಆರಾಮ ಅದೀರಿಲ್ರಿ?"

"ಅದೀನಿ. ಅದಕ್ಕ ನಿಮಗ ಬ್ಯಾಸರಾತೇನು?"

"ಛೇ ಛೇ! ನೀವು ನೂರು ವರ್ಷ ಇರ್ರಿ. ಬರದ ಹಾಳಿ ಮಾತ್ರ ಈಗ ಕೊಟ್ಟುಬಿಡ್ರಿ."

"ನನ್ನ ಕವಿತಾ ನನ್ನ ಮನ್ಯಾಗೇ ಇರ್ತಾವ. ನೀವು ಚಹಾ ಕುಡದು ಬಸ್ ಹಿಡೀರಿ!"

ಮಾವ ಚಹಾ ಕುಡಿದರು. ಬಸ್ಸು ಹಿಡಿಯಲಿಲ್ಲ. ಊಟಕ್ಕೂ ಕುಳಿತರು!

ಈಚೆಗೆ ಆ ಕವಿಗಳಿಗೆ ಮರೆವಿನ ಕಾಯಿಲೆ ಬಂತು. ಮನೆಯವರ ಗುರುತೂ ಹತ್ತದಾಯಿತು. ಒಂದು ದಿನ ಅವರ ಹೆಂಡತಿ ಮಾವನಿಗೆ ಫೋನ್ ಮಾಡಿದರು. "ಮಾಸ್ತರ್ರೇ, ಬಂದು ಎಲ್ಲಾ ಒಯ್ರಿ. ತಾವೇ ಬರದದ್ದು ಅಂಬೂದು ಗೊತ್ತಿಲ್ದ ಹಾಳಿ ಹರ್ಯಾಕತ್ತಾರ."

ಇಷ್ಟು ವರ್ಷ ಕಾದಿದ್ದ ಮಾವ ಕುಣಿಯಬೇಕಿತ್ತಲ್ಲವೇ? ಹಸ್ತಪ್ರತಿಗಳ ಪೆಟ್ಟಿಗೆ ತಂದು ಬಂಗಲೆಯಲ್ಲಿಟ್ಟು, ಮುಚ್ಚಳವನ್ನೂ ತೆಗೆಯದೆ ಅದರ ಪಕ್ಕ ಕುಳಿತುಬಿಟ್ಟರು. ಮರುದಿನ ತಾವೇ ಫೋನ್ ಮಾಡಿ, "ತಾಯಿ, ಅವರನ್ನೂ ಕರಕೊಂಡು ಬರ್ರಿ" ಎಂದರು.

ಈಗ ಪ್ರತಿ ಸೋಮವಾರ ಕವಿಗಳು ಹೆಂಡತಿಯ ಕೈ ಹಿಡಿದು ಬಂಗಲೆಗೆ ಬರುತ್ತಾರೆ. ದೊಡ್ಡ ಕಿಟಕಿಯ ಬಳಿ ಕೂರಿಸಿಕೊಂಡು ಮಾವ ಅವರದೇ ಕವಿತೆಗಳನ್ನು ಅವರಿಗೆ ಓದಿ ಹೇಳುತ್ತಾರೆ. ಮೊನ್ನೆ ಕವಿಗಳು ತಲೆದೂಗಿ ಕೇಳಿದರು:

"ಭಾಳ ಛಲೋ ಬರದಾನ. ಯಾರಿಂವ?"

ಮಾವ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟರು. "ನಮ್ಮ ಕಡ್ಯಾವ್ರೇ ರಿ. ಶಹಾಪುರದವ್ರು."

"ಹೌದಾ? ಒಮ್ಮೆ ಭೇಟಿ ಮಾಡಸ್ರಿ."

"ಆಗಲಿ ರಿ," ಎಂದ ಮಾವ, ಕವಿಗಳ ಹೆಗಲಿನಿಂದ ಜಾರಿದ ಶಾಲನ್ನು ಸರಿಪಡಿಸಿ, ಮುಂದಿನ ಪುಟ ತೆರೆದರು.