ಎಂಟು ಹೆಂಗಸರು, ಮೂರು ತಾಸು

ದೇವರು ಕೊಟ್ಟದ್ದನ್ನು ಸಂಜೆ ದೀಪ ಹಚ್ಚುವಾಗ ಒಮ್ಮೆ ನೆನೆಸಿಕೊಳ್ಳುವುದು ನನ್ನ ರೂಢಿ. ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಗಂಡ. ಎಷ್ಟು ಜಗಳಾಡಿದರೂ ಒಂದೇ ಕೌದಿಯಲ್ಲಿ ಮಲಗುವ ಇಬ್ಬರು ಹೆಣ್ಣುಮಕ್ಕಳು. ಸೋರದ ಮಾಳಿಗೆ. ಶ್ಯಾವಿಗೆ ಮಷಿನ್ ಇರುವ ನೆರೆಮನೆ. ಇವೆಲ್ಲದರ ಕೊನೆಗೆ ನನ್ನ ವಿದ್ಯೆಯನ್ನೂ ಸೇರಿಸಿಕೊಳ್ಳುತ್ತಿದ್ದೆ. ನಾನು ಮುಲ್ಕಿ ಪಾಸಾದವಳು, ಅಂದರೆ ಏಳನೇ ಇಯತ್ತೆ ದಾಟಿದವಳು. ಓಣಿಯಲ್ಲಿ ಯಾರಿಗೆ ಕಾಗದ ಬಂದರೂ ಓದಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದರು. ಹೀಗಿರುವಾಗ ಐದನೇ ಇಯತ್ತೆಯ ಗಣಿತ ನನ್ನನ್ನು ಏನು ಮಾಡೀತು ಎಂದುಕೊಂಡಿದ್ದೆ.

ಆಗ ನಾವು ಹಾನಗಲ್ಲಿನಲ್ಲಿದ್ದೆವು. ಮನೆಯವರು ಕಚೇರಿಯಲ್ಲಿ ಗುಮಾಸ್ತರು. ಹಿರಿಯ ಮಗಳು ಗಿರಿಜಾ ಐದನೇ ಇಯತ್ತೆ, ಕಿರಿಯಳು ಕಮಲಾ ನಾಲ್ಕನೇ ಇಯತ್ತೆ. ಕೂಡಿಸು, ಕಳೆ ಎಂದರೆ ಗಿರಿಜಾ ಕಣ್ಣು ಮುಚ್ಚಿಕೊಂಡು ಮಾಡುವಳು. ಆದರೆ ಕತೆಯ ಹಾಗೆ ಬರೆದ ಲೆಕ್ಕ ಬಂತೆಂದರೆ ಪೆನ್ಸಿಲ್ ಕಡಿಯುತ್ತ ಕೂತುಬಿಡುವಳು. ಅರ್ಧ ವರ್ಷದ ಪರೀಕ್ಷೆಯಲ್ಲಿ ಗಣಿತ ಹೋಯಿತು. ವಾರ್ಷಿಕ ಪರೀಕ್ಷೆಯಲ್ಲೂ ಹೋದರೆ ಐದನೆಯದರಲ್ಲೇ ಮತ್ತೊಂದು ವರ್ಷ ಕೂಡಬೇಕಾಗುತ್ತದೆ ಎಂದು ಮಾಸ್ತರು ಹೇಳಿ ಕಳಿಸಿದರು. ಹಾಗಾದರೆ ಮುಂದಿನ ವರ್ಷ ಅವಳ ಪಕ್ಕಕ್ಕೆ ಬಂದು ಕೂಡುವವಳು ತಂಗಿ ಕಮಲಿ.

ಕಮಲಿ ಆಗಲೇ ತಯಾರಿ ನಡೆಸಿದ್ದಳು.

"ಅಕ್ಕಾ, ಕಿಡಕಿ ಹತ್ರ ನಾ ಕುಂದರ್ತೇನಿ. ನೀ ಈಚೆ ಕಡೆ ಸರಕೋ."

ಗಿರಿಜಾ ತಾಟಿನಲ್ಲಿ ರೊಟ್ಟಿ ಬಿಟ್ಟು ಎದ್ದುಹೋದಳು. ಅವಳು ರೊಟ್ಟಿ ಬಿಟ್ಟು ಎದ್ದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಮರುದಿನದಿಂದ ನಾನೇ ಹೇಳಿಕೊಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಕೂತೆ.

ಮೊದಲನೆಯ ಲೆಕ್ಕವನ್ನು ಗಿರಿಜಾ ಗಟ್ಟಿಯಾಗಿ ಓದಿದಳು. "ನಾಲ್ಕು ಹೆಂಗಸರು ಒಂದು ಕೆಲಸವನ್ನು ಆರು ತಾಸಿನಲ್ಲಿ ಮಾಡುತ್ತಾರೆ. ಎಂಟು ಹೆಂಗಸರು ಅದೇ ಕೆಲಸವನ್ನು ಎಷ್ಟು ತಾಸಿನಲ್ಲಿ ಮಾಡುತ್ತಾರೆ?"

"ಏನ್ ಕೆಲಸ?" ಎಂದೆ.

"ಕೆಲಸ ಅಂತ ಅಷ್ಟ ಐತಿ."

"ಕೌದಿ ಹೊಲಿಯೂದೋ, ಜ್ವಾಳಾ ಹಸನು ಮಾಡೂದೋ? ಯಾರ ಮನ್ಯಾಗ? ಅತ್ತಿ ಇರೂ ಮನಿಯೋ, ಇಲ್ಲದ ಮನಿಯೋ?"

"ಅವ್ವಾ, ಅದೇನೂ ಬರದಿಲ್ಲ."

ಇಷ್ಟು ಮುಖ್ಯವಾದ ಸಂಗತಿಗಳನ್ನೇ ಬಿಟ್ಟು ಲೆಕ್ಕ ಬರೆದವರ ಬಗ್ಗೆ ನನಗೆ ಕನಿಕರ ಬಂತು. ಆದರೂ ಬುದ್ಧಿ ಓಡಿಸಿದೆ. ನಾಲ್ಕು ಮಂದಿಗೆ ಆರು ತಾಸು. ಮಂದಿ ಎರಡರಷ್ಟಾದರೆ ತಾಸೂ ಎರಡರಷ್ಟು. "ಹನ್ನೆರಡು ಅಂತ ಬರಿ," ಎಂದೆ. ಗಿರಿಜಾ ಪುಸ್ತಕದ ಕೊನೆಯ ಪುಟ ತಿರುವಿದಳು. ಅಲ್ಲಿ ಮೂರು ಎಂದು ಇತ್ತು.

"ಪುಸ್ತಕ ತಪ್ಪೈತಿ," ಎಂದೆ. ನನಗೆ ಆ ಬಗ್ಗೆ ಯಾವ ಸಂಶಯವೂ ಇರಲಿಲ್ಲ.

ಅಷ್ಟರಲ್ಲಿ ಮನೆಯವರು ಬಂದರು. ಲೆಕ್ಕ ಕೇಳಿದರು, ನನ್ನ ಉತ್ತರ ಕೇಳಿದರು, ಟೋಪಿ ತೆಗೆದು ಗೂಟಕ್ಕೆ ಹಾಕಿ ಬಹಳ ಹೊತ್ತು ನಕ್ಕರು.

"ಮಂದಿ ಹೆಚ್ಚಾದ್ರ ತಾಸು ಕಡಿಮಿ ಆಗ್ತಾವ. ಕೆಲಸ ಹಂಚಿ ಹೋಗ್ತೈತಿ. ಇಷ್ಟೂ ತಿಳಿಯಂಗಿಲ್ಲೇನ ನಿನಗ?"

"ಹದಿನಾರು ಮಂದಿ ಬಂದ್ರ ಎಷ್ಟ್ರಿ?"

"ಒಂದೂವರಿ ತಾಸು."

"ಮೂವತ್ತೆರಡು?"

"ಮುಕ್ಕಾಲು ತಾಸು."

"ಹಂಗಾರ ಇಡೀ ಹಾನಗಲ್ಲಿನ ಹೆಂಗಸರು ಬಂದ್ರ, ಹಿಟ್ಟು ನಾದೂದರಾಗ ಶ್ಯಾವಿಗಿ ಒಣಗಿರ್ತಾವೇನ್ರಿ?"

"ಲೆಕ್ಕದ ಪ್ರಕಾರ ಹೌದು," ಎಂದು ಹೇಳಿ ಅವರು ಕೈಕಾಲು ತೊಳೆಯಲು ಹೋದರು.

ಶ್ಯಾವಿಗೆ ಎಂಬ ಮಾತು ನನ್ನ ಬಾಯಿಗೆ ಹೇಗೆ ಬಂತೋ ಕಾಣೆ. ಬಂದದ್ದೇ ತಲೆಯೊಳಗೆ ಬೆಳಕು ಹತ್ತಿದಂತಾಯಿತು. ಹೋದ ವರ್ಷ ನಮ್ಮ ಮನೆಯ ಶ್ಯಾವಿಗೆಗೆ ಕೂತವರು ನಾಲ್ಕು ಮಂದಿ. ಬೆಳಿಗ್ಗೆ ಎಂಟಕ್ಕೆ ಕೂತು ಎರಡಕ್ಕೆ ಎದ್ದಿದ್ದೆವು. ಸರಿಯಾಗಿ ಆರು ತಾಸು! ಪುಸ್ತಕದವರಿಗೆ ನಮ್ಮ ಮನೆಯ ಸುದ್ದಿ ಹೇಗೆ ತಿಳಿಯಿತೋ ದೇವರೇ ಬಲ್ಲ. ಇದು ಹಣಮಪ್ಪನೇ ತೋರಿಸಿದ ದಾರಿ ಎಂದು ಕೈಮುಗಿದೆ. ಈ ಸಲ ಎಂಟು ಮಂದಿಯನ್ನು ಕರೆಯುವುದು, ಮೂರು ತಾಸಿನಲ್ಲಿ ಮುಗಿಸುವುದು, ಗಿರಿಜಾ ಅದನ್ನು ಕಣ್ಣಾರೆ ನೋಡುವುದು. ನೋಡಿದ್ದನ್ನು ಯಾವ ಮಗುವೂ ಮರೆಯುವುದಿಲ್ಲ.

ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಹಣಮಪ್ಪನ ವಾರವೂ ಹೌದು. ಮಧ್ಯಾಹ್ನ ಎರಡಕ್ಕೆ ಸುರು ಮಾಡಿದರೆ ಐದಕ್ಕೆ ಮುಗಿಯಿತು. ಹಾಗೆಂದು ನೆರೆಮನೆಯ ಬಸಕ್ಕನಿಗೆ ಹೇಳಿದೆ. ಮಷಿನ್ ಆಕೆಯದು.

"ಶ್ಯಾವಿಗಿ ಯಾರರ ಮಧ್ಯಾಹ್ನ ಹಚ್ಚತಾರೇನಬೇ? ಅದೂ ಎಂಟು ಮಂದಿ ಯಾಕ? ಮಷಿನ್ ಇರೂದು ಒಂದ," ಎಂದಳು.

"ಲೆಕ್ಕದಾಗ ಹಂಗ ಐತ್ರಿ ಬಸಕ್ಕ."

"ಲೆಕ್ಕದಾಗ ಮಷಿನ್ ಎಷ್ಟ್ ಅದಾವ?"

ನಾನು ನಕ್ಕುಬಿಟ್ಟೆ. ಮುಲ್ಕಿ ಪಾಸಾಗದವರಿಗೆ ಎಷ್ಟೆಂದು ಬಿಡಿಸಿ ಹೇಳುವುದು.

"ನೋಡವಾ, ಸಂಜಿ ಬಸ್ಸಿಗೆ ನಾ ತಿಳವಳ್ಳಿಗೆ ಮಗಳ ಮನಿಗೆ ಹೊಂಟೇನಿ. ಮಷಿನ್ ನನ್ನ ಜೋಡಿ ಹೊಕ್ಕೈತಿ. ಆರಕ್ಕ ಅಂದ್ರ ಆರಕ್ಕ ಬಿಚ್ಚತೇನಿ," ಎಂದು ಎಚ್ಚರಿಸಿದಳು.

ಆರು ಯಾಕೆ, ಐದಕ್ಕೇ ಮುಗಿದಿರುತ್ತದೆ ಎಂದು ಅಭಯ ಕೊಟ್ಟೆ. ಓಣಿಯಲ್ಲಿ ತಿರುಗಿ ಬಸಕ್ಕನೂ ಸೇರಿ ಎಂಟು ಮಂದಿಯನ್ನು ಎಣಿಸಿ ಕರೆದೆ. ಅವರಲ್ಲಿ ಗಿರಿಜಾಳ ಮಾಸ್ತರ ಹೆಂಡತಿ ಸಾವಿತ್ರಕ್ಕನೂ ಒಬ್ಬಳು. "ಮೂರ ತಾಸ್ರಿ, ಐದಕ್ಕ ಮನಿಗೆ ಕಳಿಸಿಕೊಡ್ತೇನಿ," ಎಂದು ಆಕೆಗೆ ಹೊಸ್ತಿಲಲ್ಲಿ ನಿಂತು ಮಾತು ಕೊಟ್ಟೆ. ಒಳಗಿನಿಂದ ಮಾಸ್ತರು ಕೆಮ್ಮಿದ್ದು ಕೇಳಿಸಿತು.

ಶನಿವಾರ ಎರಡಕ್ಕೆ ಮಷಿನ್ ಬೆಂಚಿಗೆ ಬಿಗಿಯಾಗಿ ಕೂತಿತು. ಗಿರಿಜಾ ಪಾಟಿ ಹಿಡಿದು, ಎದುರಿಗೆ ಗಡಿಯಾರ ಇಟ್ಟುಕೊಂಡು ಸಾಕ್ಷಿಯಾಗಿ ಕೂತಳು. ಒಬ್ಬರು ಹಿಟ್ಟು ತುಂಬುವವರು, ಒಬ್ಬರು ಹಿಡಿಕೆ ತಿರುಗಿಸುವವರು, ಒಬ್ಬರು ಇಳಿದು ಬರುವ ಎಳೆಗಳನ್ನು ಕೋಲಿಗೆ ಹಿಡಿಯುವವರು, ಒಬ್ಬರು ಅದನ್ನು ಮಾಳಿಗೆಗೆ ಒಯ್ದು ಹರವುವವರು. ನಾಲ್ಕು ಕೆಲಸ, ನಾಲ್ಕು ಮಂದಿ. ಉಳಿದ ನಾಲ್ವರು ಗೋಡೆಗೆ ಆತು ಕೂತರು.

ಕೂತವರು ಸುಮ್ಮನೆ ಕೂಡುವುದಿಲ್ಲ ಎಂಬ ಸಂಗತಿ ಯಾವ ಗಣಿತ ಪುಸ್ತಕದಲ್ಲೂ ಇಲ್ಲ.

ಮೊದಲು ಅವರಿಗೆ ಚಹಾ ಬೇಕಾಯಿತು. ಕೂತವರಿಗೆ ಕೊಟ್ಟು ದುಡಿಯುವವರಿಗೆ ಕೊಡದಿದ್ದರೆ ಆಗುತ್ತದೆಯೇ? ಎಲ್ಲರಿಗೂ ಇಟ್ಟೆ. ಚಹಾ ಕುಡಿಯಲು ಮಷಿನ್ ನಿಂತಿತು. ಚಹಾದ ಜೊತೆ ಒಬ್ಬಾಕೆ ಸವಣೂರಿನಿಂದ ತನ್ನ ಮಗಳಿಗೆ ವರ ಬಂದ ಸುದ್ದಿ ತೆಗೆದಳು. ಹುಡುಗ ಹೇಗಿದ್ದಾನೆ ಎಂಬಲ್ಲಿಗೆ ಬಂದಾಗ ಹಿಡಿಕೆಯವಳ ಕೈ ನಿಂತಿತು. ಮಾಳಿಗೆಗೆ ಹೋದವಳು ಇಳಿದು ಬಂದು, "ನಾ ಇರಲಿಲ್ಲ, ಮೊದಲಿಂದ ಹೇಳ್ರಿ," ಎಂದಳು. ಮೊದಲಿನಿಂದ ಹೇಳಿದರು. ಆಕೆ ಮತ್ತೊಂದು ಕೋಲು ಹಿಡಿದು ಮೇಲೆ ಹೋಗಿ ಬಂದಾಗ ಮತ್ತೆ ಮೊದಲಿನಿಂದ.

ಕೂತವರು ದುಡಿಯುವವರನ್ನು ನೋಡಿ ಮರುಗಿ, ತಾವು ಕೆಲಸಕ್ಕೆ ಬಂದರು. ಪಾಳಿ ಬದಲಾಯಿತು. ಹಿಟ್ಟು ತುಂಬಲು ಹೊಸದಾಗಿ ಕೂತ ಸಾವಿತ್ರಕ್ಕ ಹಿಟ್ಟು ಒತ್ತಿ ನೋಡಿ, "ಬಾಳ ಬಿರುಸಾಗೈತ್ರಿ," ಎಂದು ನೀರು ಹಾಕಿಸಿದಳು. ಬಸಕ್ಕ ಮುಟ್ಟಿ ನೋಡಿ, "ಇದೇನ್ ಅಂಬಲಿ ಮಾಡಾಕತ್ತೀರೇನು?" ಎಂದು ಹಿಟ್ಟು ಹಾಕಿಸಿದಳು. ಇನ್ನೊಬ್ಬಾಕೆಗೆ ಬಿರುಸು ಅನಿಸಿತು. ಮತ್ತೆ ನೀರು. ಪುಸ್ತಕದಲ್ಲಿ 'ಅದೇ ಕೆಲಸ' ಎಂದಿತ್ತು. ನಮ್ಮ ಮನೆಯಲ್ಲಿ ಕೆಲಸ ಕಣ್ಣೆದುರೇ ಬೆಳೆಯುತ್ತಿತ್ತು.

"ಅವ್ವಾ, ಮೂರು ತಾಸು ಆತು," ಎಂದಳು ಗಿರಿಜಾ.

ಎಲ್ಲರೂ ಹಿಟ್ಟು ನಾದಿದ ಪರಾತದ ಕಡೆ ನೋಡಿದರು. ಸುರು ಮಾಡುವಾಗ ಇದ್ದಷ್ಟೇ ಹಿಟ್ಟು ಇನ್ನೂ ಇತ್ತು.

"ಎಂಟು ಮಂದಿ ಅಲ್ಲವ್ವಾ, ಒಂಬತ್ತು ಅದೀರಿ. ನಿನ್ನ ನೀ ಎಣಿಸೇ ಇಲ್ಲ," ಎಂದು ಗಿರಿಜಾ ಪಾಟಿ ತೋರಿಸಿದಳು.

ನನಗೆ ಹೋದ ಜೀವ ಬಂದಂತಾಯಿತು. ತಪ್ಪು ಸಿಕ್ಕಿತಲ್ಲ! ಆಗಷ್ಟೇ ಕಚೇರಿಯಿಂದ ಬಂದು, ಚಪ್ಪಲಿ ಬಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತಿದ್ದ ಮನೆಯವರಿಗೆ ಅದನ್ನೇ ಹೇಳಿದೆ. "ಒಂಬತ್ತು ಮಂದಿ ಆಗಿತ್ರಿ, ಅದಕ್ಕ ತಪ್ಪೈತಿ."

"ಒಂಬತ್ತು ಮಂದಿ ಆದ್ರ ಇನ್ನೂ ಲಗೂನ ಮುಗೀಬೇಕಲ್ಲ," ಎಂದರು ಅವರು.

ಅಲ್ಲಿಂದ ಮುಂದೆ ಆ ಲೆಕ್ಕ ನನಗೆ ತಿಳಿಯದಾಯಿತು.

ಆರಕ್ಕೆ ಬಸಕ್ಕ ಮಾತಿಗೆ ತಪ್ಪದೆ ಮಷಿನ್ ಬಿಚ್ಚಿ, ಒರೆಸಿ, ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು. ಮಾಳಿಗೆಯ ಮೇಲಿನ ಶ್ಯಾವಿಗೆ ಬಿಸಿಲು ಕಾಣದೆ ಒಂದಕ್ಕೊಂದು ಅಂಟಿಕೊಂಡು ಹಗ್ಗದಂತಾಗಿದ್ದವು. ಪಾಯಸ ಮಾಡುವಾಗಲೆಲ್ಲ ಅವನ್ನು ಒರಳಲ್ಲಿ ಕುಟ್ಟಬೇಕಾಯಿತು. ಉಳಿದ ಹಿಟ್ಟನ್ನು ಚಪಾತಿ ಮಾಡಿದೆ. ಮನೆಯವರು ಒಂದನ್ನು ಎರಡೂ ಕೈಯಿಂದ ಎಳೆದು ನೋಡಿ, ಚಹಾದಲ್ಲಿ ನೆನೆಹಾಕಿದರು. ಬೈಯಲಿಲ್ಲ. ಅದನ್ನು ಸಂಜೆ ದೀಪದ ಮುಂದೆ ಸೇರಿಸಿಕೊಂಡೆ.

ಮುಂದಿನ ವಾರ ಪರೀಕ್ಷೆ. ಗಣಿತ ಬರೆದು ಗಿರಿಜಾ ಕುಣಿಯುತ್ತ ಬಂದಳು.

"ಅವ್ವಾ, ಅದ ಲೆಕ್ಕ ಬಂದಿತ್ತು! ಐದು ಮಂದಿ ಒಂದು ಗ್ವಾಡಿ ಹನ್ನೆರಡು ದಿನದಾಗ ಕಟ್ಟತಾರ, ಹತ್ತು ಮಂದಿ ಎಷ್ಟು ದಿನದಾಗ ಕಟ್ಟತಾರ ಅಂತ."

"ಏನ್ ಬರದಿವಾ?"

"ಹತ್ತು ಮಂದಿಗೆ ಚಹಾ ಮಾಡುವವರು ಯಾರೆಂದು ಹೇಳಿಲ್ಲ. ಗೋಡೆ ಮುಗಿಯುವುದಿಲ್ಲ ಅಂತ ಬರದೇನಿ."

ಕಣ್ಣಾರೆ ನೋಡಿದ್ದನ್ನು ಮಗು ಮರೆತಿರಲಿಲ್ಲ. ನಾನು ಹಾಗೆಯೇ ಎದ್ದು ಹೋಗಿ ಹಣಮಪ್ಪನಿಗೆ ಐದು ಕಾಯಿ ಹೇಳಿಕೊಂಡೆ. ಹಿಂದಿನಿಂದ ಕಮಲಿ, "ಅಕ್ಕಾ, ಕಿಡಕಿ ನಂದು," ಅನ್ನುತ್ತಿದ್ದಳು. ಗಿರಿಜಾಳ ಕುಣಿತ ನಿಂತಿತು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು.

ನಾಲ್ಕು ದಿನಕ್ಕೆ ಮಾಸ್ತರು ನನ್ನನ್ನು ಶಾಲೆಗೆ ಕರೆಸಿದರು. ಮೇಜಿನ ಮೇಲೆ ಗಿರಿಜಾಳ ಉತ್ತರದ ಹಾಳೆ ಇತ್ತು. ಆ ಗೋಡೆಯ ಲೆಕ್ಕದ ಮೇಲೆ ಕೆಂಪು ಶಾಯಿ ಬಿದ್ದಿತ್ತು.

"ಇದನ್ನ ಯಾರ್ರಿ ಹೇಳಿಕೊಟ್ಟವರು?"

ನಾನು ನೆಲ ನೋಡಿದೆ. "ಪುಸ್ತಕದ ಲೆಕ್ಕಾನ ಮನ್ಯಾಗ ಮಾಡಿ ತೋರಿಸಿದ್ವಿ ಸರ, ಅದು ಹಿಂಗಾತು."

ಮಾಸ್ತರು ಕನ್ನಡಕ ತೆಗೆದರು. "ಹೋದ ಶನಿವಾರ ಶ್ಯಾವಿಗಿ ನಿಮ್ಮ ಮನ್ಯಾಗೇನ್ರಿ?"

"ಹೌದ್ರಿ."

"ಐದಕ್ಕ ಬರ್ತೇನಿ ಅಂದಾಕಿ ನಮ್ಮ ಮನಿಯಾಕಿ ದೀಪಾ ಹಚ್ಚಿದ ಮ್ಯಾಲ ಬಂದ್ಲು. ನಾನ ಅನ್ನಕ್ಕಿಟ್ಟೆ. ಬುಡಾ ಹೊತ್ತಿತು." ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಹುಡಿಗಿ ಬರದದ್ದು ಸುಳ್ಳಲ್ಲ. ಆದ್ರ ಲೆಕ್ಕ ತಪ್ಪೈತಿ. ಇದಕ್ಕ ಸೊನ್ನಿ."

ನನ್ನ ಕಣ್ಣಲ್ಲಿ ನೀರು ಬಂತು. ತಂಗಿಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಗಿರಿಜಾ ಕಂಡಳು.

"ಯಾಕ ಅಳಾಕತ್ತೀರಿ? ಪಾಸ್ ಆಗ್ಯಾಳ. ಉಳದ ಲೆಕ್ಕ ಬರೋಬ್ಬರಿ ಅದಾವ. ಕೂಡಿಸೂದು, ಕಳಿಯೂದು, ಭಾಗಿಸೂದು, ಒಂದೂ ತಪ್ಪಿಲ್ಲ. ಅವನ್ನ ಯಾರ್ ಹೇಳಿಕೊಟ್ರು?"

"ಯಾರೂ ಇಲ್ರಿ. ಅಕಿನ ಕಲತಾಳ."

"ಹಂಗ ಅನಿಸ್ತು ನನಗ," ಎಂದರು ಮಾಸ್ತರು. "ತಾಯಿ, ಒಂದು ಕೇಳ್ಕೋತೇನಿ. ಆರನೇ ಇಯತ್ತಿಗೆ ನೀವು ಏನೂ ಹೇಳಿಕೊಡಬ್ಯಾಡ್ರಿ."

ಐದೂ ಕಾಯಿ ಒಡೆಸಿದೆ. ಹಣಮಪ್ಪ ನನ್ನ ಮಗಳನ್ನು ಕಾಪಾಡಿದ್ದು ಯಾರಿಂದ ಎಂಬುದು ಆ ದಿನ ನನಗೆ ಸ್ಪಷ್ಟವಾಗಿತ್ತು. ದೀಪದ ಮುಂದೆ ನೆನೆಸಿಕೊಳ್ಳುವವುಗಳಿಂದ ನನ್ನ ಮುಲ್ಕಿಯನ್ನು ತೆಗೆದುಹಾಕಿದೆ.

ಮುಂದಿನ ವರ್ಷ ಐದನೇ ಇಯತ್ತೆಗೆ ಹೋಗಿ ಕಿಡಕಿ ಹತ್ತಿರ ಒಬ್ಬಳೇ ಕೂತ ಕಮಲಿ ಅದೇ ಪುಸ್ತಕ ಹಿಡಿದು ಬಂದಳು. "ಅವ್ವಾ, ಒಂದು ತೊಟ್ಟಿಗೆ ಎರಡು ನಳ. ಒಂದರಿಂದ ನೀರು ತುಂಬ್ತೈತಿ, ಇನ್ನೊಂದರಿಂದ ಸೋರಿ ಹೊಕ್ಕೈತಿ..."

ಗಿರಿಜಾ ಓಡಿ ಬಂದು ಪುಸ್ತಕ ಕಸಿದುಕೊಂಡಳು. "ಅವ್ವನ ಮುಂದ ಓದಬ್ಯಾಡ. ನಾಳೆ ಅಂಗಳದಾಗ ತೊಟ್ಟಿ ಕಟ್ಟಿಸ್ತಾಳ."

ನಾನು ಆಗಲೇ ತೊಟ್ಟಿಗೆ ಎಷ್ಟು ಇಟ್ಟಂಗಿ ಹಿಡಿಯಬಹುದು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.