ಪ್ರಲ್ಹಾದ ಕಂಪ್ಯೂಟರಿಗೆ ಪುಲ್ಲಿ ಬದಲಿಸಿದ್ದು

ಬೆಟಗೇರಿಯ ಪ್ರಲ್ಹಾದನಿಗೆ ನಿಧಾನವೆಂಬುದು ಮೈಗೆ ಆಗಿಬರುತ್ತಿರಲಿಲ್ಲ. ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡಿದ ಮನುಷ್ಯ. ಮಗ್ಗ ನಿಧಾನ ನಡೆದರೆ ಮೋಟಾರಿನ ಬೆಲ್ಟು ಸುತ್ತುವ ಸಣ್ಣ ಪುಲ್ಲಿ ಬಿಚ್ಚಿ ದೊಡ್ಡದನ್ನು ಹಾಕುತ್ತಿದ್ದ, ಮಗ್ಗ ಓಡುತ್ತಿತ್ತು. ಆಮೇಲೆ ಎಳೆ ಹರಿದರೆ ಅದು ನೇಕಾರನ ಹಣೆಬರಹ, ಪ್ರಲ್ಹಾದನದಲ್ಲ. ಇಂಥವನ ಸ್ವಂತ ಮನೆಯ ನಡುಮನೆಯಲ್ಲೇ ಒಂದು ಕೆಲಸಕ್ಕೆ ನಲವತ್ತು ನಿಮಿಷ ತೆಗೆದುಕೊಳ್ಳುವ ಯಂತ್ರವೊಂದು ಹಾಯಾಗಿ ಕುಳಿತಿತ್ತು. ಅದು ಹೆಂಡತಿ ಬನಶಂಕರಿಯ ಕಂಪ್ಯೂಟರ್.

ಬನಶಂಕರಿ ಅದರಲ್ಲಿ ಸೀರೆಯ ದಡಿಗಳ, ಅಂದರೆ ಅಂಚುಗಳ, ಚಿತ್ರ ತೆಗೆಯುತ್ತಿದ್ದಳು. ಪರದೆಯ ತುಂಬ ಚೌಕುಳಿ, ಒಂದು ಚೌಕಕ್ಕೆ ಒಂದು ಎಳೆ. ಚಿತ್ರ ಮುಗಿದ ಮೇಲೆ ಅದನ್ನು ಮಗ್ಗಕ್ಕೆ ತಿಳಿಯುವ ಹಾಗೆ ಫೈಲು ಮಾಡಬೇಕು. ಒಂದು ಗುಂಡಿ ಒತ್ತಿದರೆ ಸಾಕು, ಕಂಪ್ಯೂಟರ್ ಗುಂಯ್ಯೆಂದು ನಲವತ್ತು ನಿಮಿಷ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ನಡುವೆ ಯಾರೂ ಮುಟ್ಟಬಾರದು. ಬನಶಂಕರಿ ಅಷ್ಟು ಹೊತ್ತೂ ಅದರ ಮುಂದೆ ಕುರ್ಚಿಯಲ್ಲಿ ಕುಳಿತಿರುತ್ತಿದ್ದಳು. ಅದನ್ನು ನೋಡಿದರೆ ಪ್ರಲ್ಹಾದನ ಕೈ ಕಡಿಯುತ್ತಿತ್ತು.

ಈ ಸಲದ ದಡಿ ಮಾತ್ರ ಎಂದಿನದಲ್ಲ. ಬನಶಂಕರಿಯ ಅಜ್ಜಿ ಕಸ್ತೂರೆವ್ವ ತಾನೇ ಕುಣಿಮಗ್ಗದಲ್ಲಿ ನೆಲದ ಗುಂಡಿಗೆ ಕಾಲಿಳಿಸಿ ಕುಳಿತು ನೇಯ್ದ ಒಂದು ಸೀರೆ ಉಳಿದಿತ್ತು. ಅದರ ದಡಿ ಬೇರೆಲ್ಲೂ ಇಲ್ಲ, ಎಲ್ಲೂ ಬರೆದಿಟ್ಟಿಲ್ಲ. ಬನಶಂಕರಿ ನಾಲ್ಕು ತಿಂಗಳು ಆ ಸೀರೆಯ ಮುಂದೆ ಸೂಜಿ ಹಿಡಿದು ಕುಳಿತು, ಒಂದೊಂದೇ ಎಳೆ ಎಣಿಸಿ, ಇಡೀ ದಡಿಯನ್ನು ಕಂಪ್ಯೂಟರಿಗೆ ಇಳಿಸಿದ್ದಳು. ಸೋಮವಾರ ನೇಕಾರರ ಸಂಘದವರು ನೋಡಲು ಬರುವವರಿದ್ದರು. ಒಪ್ಪಿದರೆ ಅದು ಇಪ್ಪತ್ತು ಮಗ್ಗಗಳ ಮೇಲೆ ಏರುತ್ತಿತ್ತು, ಅದೂ 'ಕಸ್ತೂರೆವ್ವನ ದಡಿ' ಎಂಬ ಹೆಸರಿನಲ್ಲಿ, ಕೆಳಗೆ ಬನಶಂಕರಿಯ ಹೆಸರಿನೊಂದಿಗೆ. ಇಪ್ಪತ್ತು ವರ್ಷ ಯಾರ್ಯಾರದೋ ಹೆಸರಿನಲ್ಲಿ ದಡಿ ತೆಗೆದವಳು ಆಕೆ. ಈ ಮಾತು ಹೇಳುವಾಗ ಅವಳ ದನಿ ಸಣ್ಣಗಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಲಕ್ಷ್ಮೇಶ್ವರದಲ್ಲಿ ಬನಶಂಕರಿಯ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯ. ಬನಶಂಕರಿ ಮಗಳು ಸೌಂದರ್ಯಾಳನ್ನು ಕರೆದುಕೊಂಡು ಬಸ್ಸಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಪ್ರಲ್ಹಾದ ಪ್ರತಿಜ್ಞೆ ಮಾಡಿದ.

"ನೀ ಹೋಗಿ ಬಾ. ನೀ ತಿರುಗಿ ಬರೂದ್ರಾಗ ನಿನ್ನ ಕಂಪ್ಯೂಟರ್ ಕುದರಿ ಆಗಿರತೈತಿ."

"ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ಬನಶಂಕರಿ. "ಅದು ಎಮ್ಮಿ ಇದ್ದಂಗ ಇರಲಿ."

ಆದರೆ ಪ್ರಲ್ಹಾದ ಆಗಲೇ ಮೂರು ದಿನ ಮೊಬೈಲಿನಲ್ಲಿ ಓವರ್‌ಕ್ಲಾಕಿಂಗ್ ಎಂಬ ವಿದ್ಯೆಯ ವಿಡಿಯೊ ನೋಡಿ ಮುಗಿಸಿದ್ದ. ಕಂಪ್ಯೂಟರಿನ ಪ್ರೊಸೆಸರಿಗೆ ಕಂಪನಿಯವರು ಒಂದು ವೇಗ ಕಟ್ಟಿಕೊಟ್ಟಿರುತ್ತಾರಂತೆ, ಅದನ್ನು ನಾವೇ ಏರಿಸಬಹುದಂತೆ. ಅಂದರೆ ಪುಲ್ಲಿ ಬದಲಿಸುವುದು, ಮತ್ತೇನು! ಈ ಪುಲ್ಲಿಗೆ ಪಾನಾ ಕೂಡ ಬೇಡ, ಶುರುವಿನಲ್ಲಿ ಒಂದು ಗುಂಡಿ ಒತ್ತಿ ಒಳಗೆ ಹೋಗಿ ಅಂಕಿ ಬದಲಿಸಿದರೆ ಆಯಿತು.

ಆದರೂ ಒಂದು ಮಾತಿಗೆಂದು ಇಲಿಯಾಸನಿಗೆ ಫೋನು ಹಚ್ಚಿದ. ಗದಗಿನಲ್ಲಿ ಅಂಗಡಿಯಿಟ್ಟಿದ್ದ ಇಲಿಯಾಸನೇ ಆ ಕಂಪ್ಯೂಟರ್ ಜೋಡಿಸಿಕೊಟ್ಟವನು. ಹುಡುಗ ಬಹಳ ತಾಳ್ಮೆಯಿಂದ ಹೇಳಿದ. ಲ್ಯಾಪ್‌ಟಾಪಿಗಂತೂ ಮಾಡಲೇಬಾರದು, ಅದಕ್ಕೆ ಉಸಿರಾಡಲೂ ಜಾಗ ಇರುವುದಿಲ್ಲ. ಇದು ಡೆಸ್ಕ್‌ಟಾಪ್, ಪ್ರೊಸೆಸರಿನ ವೇಗಕ್ಕೆ ಲಾಕ್ ಇಲ್ಲ, ಮಾಡಬಹುದು. ಆದರೆ ಒಂದೊಂದೇ ಅಂಕಿ ಏರಿಸಬೇಕು. ಏರಿಸಿದ ಮೇಲೆ ಒಂದು ತಾಸು ಓಡಿಸಿ ನೋಡಬೇಕು. ಬಿಸಿ ತೊಂಬತ್ತು ಡಿಗ್ರಿ ದಾಟಿದರೆ ಹಿಂದೆ ಸರಿಯಬೇಕು. ವೋಲ್ಟೇಜಿಗೆ ಕೈ ಹಾಕಬಾರದು.

"ಕಾಕಾ, ಎಲ್ಲಾಕ್ಕಿಂತ ಮೊದಲ ಕಾಕಿಯವರ ಡಿಸೈನ್ ಬ್ಯಾರೆ ಡಿಸ್ಕಿಗೆ ಕಾಪಿ ಮಾಡಿ ಇಡ್ರಿ," ಎಂದ ಕೊನೆಗೆ. "ಅದನ್ನ ಮಾಡದ ಏನೂ ಮುಟ್ಟಬ್ಯಾಡ್ರಿ."

ಪ್ರಲ್ಹಾದ ಒಪ್ಪಿದ. ಡಿಸ್ಕ್ ತಂದು ಸಿಕ್ಕಿಸಿಯೂ ಸಿಕ್ಕಿಸಿದ. ಇಪ್ಪತ್ತೈದು ನಿಮಿಷ ಹಿಡಿಯುತ್ತದೆ ಎಂದು ಪರದೆ ಹೇಳಿತು. ಅಲ್ಲೇ ಅವನ ಬುದ್ಧಿ ಮಿಂಚಿದ್ದು. ಈಗ ನಿಧಾನದ ಕಂಪ್ಯೂಟರಿನಲ್ಲಿ ಕಾಪಿ ಮಾಡುವುದು ಯಾವ ಜಾಣತನ? ಮೊದಲು ವೇಗ ಏರಿಸೋಣ, ಆಮೇಲೆ ಕಾಪಿಯೂ ಬೇಗ ಆಗುತ್ತದೆ! ಇಷ್ಟು ಸುಲಭದ ಲೆಕ್ಕ ಆ ಹುಡುಗನಿಗೆ ಹೊಳೆಯಲಿಲ್ಲವಲ್ಲ ಎಂದು ಮರುಕಪಡುತ್ತ ಅವನು ಡಿಸ್ಕ್ ಕಿತ್ತಿಟ್ಟ.

ಮೂವತ್ತಾರು ಇದ್ದ ವೇಗದ ಅಂಕಿಯನ್ನು ಮೂವತ್ತೇಳು ಮಾಡಿ ಫೈಲು ಓಡಿಸಿದ. ಮೂವತ್ತೊಂಬತ್ತು ನಿಮಿಷ. ಒಂದೇ ನಿಮಿಷದ ಉಳಿತಾಯ! ಪ್ರಲ್ಹಾದನಿಗೆ ಅವಮಾನವಾಯಿತು. ಮೂವತ್ತು ವರ್ಷದ ಅನುಭವದ ಮುಂದೆ ಒಂದೊಂದೇ ಅಂಕಿಯೇ? ಸೀದಾ ನಲವತ್ತೈದಕ್ಕೆ ಹಾರಿದ. ಮೂವತ್ತೆರಡು ನಿಮಿಷಕ್ಕೆ ಮುಗಿಯಿತು. ಬಿಸಿ ತೊಂಬತ್ಮೂರು ತೋರಿಸುತ್ತಿತ್ತು, ಏಪ್ರಿಲ್ ತಿಂಗಳಲ್ಲಿ ಬೆಟಗೇರಿಯಲ್ಲಿ ಯಾರಿಗೆ ಬಿಸಿ ಇಲ್ಲ ಎಂದು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಲವತ್ತೆಂಟು ಮಾಡಿದ. ಪರದೆ ನೀಲಿಯಾಗಿ ಕಂಪ್ಯೂಟರ್ ತಾನೇ ಬಂದ್ ಆಯಿತು. ಆಗ ವೋಲ್ಟೇಜಿಗೂ ಕೈ ಹಾಕಿದ. ಕಂಪ್ಯೂಟರ್ ಎದ್ದು ಐದು ನಿಮಿಷ ಓಡಿ ಮತ್ತೆ ಮಲಗಿತು.

ಇಲ್ಲಿಗೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಪ್ರಲ್ಹಾದನಿಗೆ ಮಾತ್ರ ಈ ರೋಗದ ಗುರುತು ಚೆನ್ನಾಗಿತ್ತು. ಬೇಸಿಗೆಯ ಒಣ ಹವೆಗೆ ಶೆಡ್ಡಿನಲ್ಲಿ ಎಳೆ ಪಟಪಟ ಹರಿಯುತ್ತವೆ. ಆಗ ನೇಕಾರರು ನೆಲಕ್ಕೆ ನೀರು ಹೊಡೆದು, ಮಗ್ಗದ ಸುತ್ತ ಒದ್ದೆ ಗೋಣಿತಟ್ಟು ಇಳಿಬಿಡುತ್ತಾರೆ. ತಂಪಾದರೆ ಎಳೆ ತಡೆಯುತ್ತದೆ, ಮಗ್ಗ ಓಡುತ್ತದೆ. ಅಪ್ಪ ಮಾಡಿದ್ದು, ಅಜ್ಜ ಮಾಡಿದ್ದು. ಕಂಪ್ಯೂಟರಿನವರಿಗೆ ಈ ಉಪಾಯ ಇನ್ನೂ ಗೊತ್ತಿಲ್ಲವೆಂದರೆ ಅವರು ಬೆಟಗೇರಿಗೆ ಬಂದಿಲ್ಲ ಎಂದರ್ಥ.

ಗೋಣಿತಟ್ಟು ಒದ್ದೆ ಮಾಡಿ ತಂದ. ಆದರೆ ಫ್ಯಾನು ಗೋಣಿಯ ನಾರನ್ನು ಒಳಗೆಳೆಯತೊಡಗಿತು. ಅದನ್ನು ತೆಗೆದು, ಮೆತ್ತನೆಯ ಹತ್ತಿಯ ಹಳೇ ಬಟ್ಟೆ ಹುಡುಕಿದ. ಕಂಪ್ಯೂಟರಿನ ಮೇಲಿನ ಹಲಗೆಯಲ್ಲೇ ಒಂದು ಚೀಲದಲ್ಲಿ ಮಡಚಿಟ್ಟ ಮಾಸಲು ಬಟ್ಟೆ ಸಿಕ್ಕಿತು, ಮುಟ್ಟಿದರೆ ಬೆಣ್ಣೆ. ಪರದೆಗೆ ಧೂಳು ಕೂರದಂತೆ ಹೊದಿಸುವ ಬಟ್ಟೆ ಇರಬೇಕೆಂದುಕೊಂಡ. ಅವಸರದಲ್ಲಿ ಏನೆಂದು ಬಿಡಿಸಿ ನೋಡದೆ ಅಳತೆಗೆ ಸರಿಯಾಗಿ ಏಳು ತುಂಡು ಹರಿದು, ಬಕೆಟ್ಟಿನಲ್ಲಿ ಅದ್ದಿ, ಡಬ್ಬಿಯ ಸುತ್ತ ಇಳಿಬಿಟ್ಟ. ಒಂದನ್ನು ಮೇಲೂ ಹೊದಿಸಿದ.

ಅದು ಕೆಲಸ ಮಾಡಿತು ನೋಡಿ! ದುರಂತವೇ ಅದು. ತೊಂಬತ್ತಾರಿದ್ದ ಬಿಸಿ ಎಂಬತ್ನಾಲ್ಕಕ್ಕೆ ಇಳಿಯಿತು. ಕಂಪ್ಯೂಟರ್ ಹದಿನೆಂಟು ನಿಮಿಷ ಎಡೆಬಿಡದೆ ಓಡಿತು. ಆ ಹದಿನೆಂಟು ನಿಮಿಷ ಪ್ರಲ್ಹಾದ ನಡುಮನೆಯಲ್ಲಿ ಎದೆಯುಬ್ಬಿಸಿ ತಿರುಗಾಡಿದ. ಈ ವಿದ್ಯೆಯ ಮೇಲೆ ತಾನೇ ಒಂದು ವಿಡಿಯೊ ಮಾಡಿದರೆ ಹೇಗೆಂದು ಯೋಚಿಸಿದ. ಹತ್ತೊಂಬತ್ತನೆಯ ನಿಮಿಷಕ್ಕೆ ಮೇಲಿನ ಬಟ್ಟೆಯಿಂದ ಒಂದು ಹನಿ ಕಿಂಡಿಯೊಳಗೆ ಇಳಿಯಿತು. ಟಪ್ ಎಂದಿತು. ಸುಟ್ಟ ವಾಸನೆ ಬಂತು. ಕಂಪ್ಯೂಟರಿನ ಜೊತೆ ಮನೆಯ ಫ್ಯಾನೂ ನಿಂತಿತು.

ಫೋನು ಹೋದದ್ದೇ ಇಲಿಯಾಸ ಅಂಗಡಿಗೆ ಬೀಗ ಹಾಕಿ ಬೈಕಿನಲ್ಲಿ ಓಡಿಬಂದ. ಡಬ್ಬಿ ಬಿಚ್ಚಿ ನೋಡಿದ. ಪ್ರೊಸೆಸರ್ ಕೂತಿದ್ದ ಬೋರ್ಡು ಹೋಗಿದೆ, ಕರೆಂಟು ಕೊಡುವ ಡಬ್ಬಿ ಸಿಡಿದಿದೆ, ಸಿಡಿಯುವಾಗ ಒಳಗಿನ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಿದೆ ಎಂದ. ಅದರಲ್ಲಿದ್ದದ್ದು ಇನ್ನು ಬರುವುದಿಲ್ಲ. ಹೇಗಿದ್ದರೂ ಕಾಪಿ ಇದೆಯಲ್ಲ ಎಂದು ಸಮಾಧಾನ ಹೇಳಿ ಹೋದ. ಪ್ರಲ್ಹಾದ ಕಿತ್ತಿಟ್ಟಿದ್ದ ಖಾಲಿ ಡಿಸ್ಕನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಅವನ ಮನಸ್ಸು ಇನ್ನೂ ಒಂದು ಹುಲ್ಲುಕಡ್ಡಿ ಹಿಡಿದಿತ್ತು. ಮೂಲ ಸೀರೆಯಂತೂ ಎಲ್ಲೋ ಮನೆಯಲ್ಲೇ ಇದೆ, ಮತ್ತೆ ಎಣಿಸಿದರಾಯಿತು. ಆಕೆ ಬೈಯುತ್ತಾಳೆ, ಬೈಯಲಿ. ತಪ್ಪೊಪ್ಪಿಗೆಯ ಮಾತುಗಳನ್ನು ಮೂರು ಸಲ ಬಾಯಿಪಾಠ ಮಾಡಿದ. ಮನೆ ಚೊಕ್ಕಟ ಕಾಣಲೆಂದು ಆ ಏಳು ಬಟ್ಟೆಗಳನ್ನು ಹಿಂಡಿ, ಅಂಗಳದ ತಂತಿಗೆ ಸಾಲಾಗಿ ಒಣಹಾಕಿದ.

ಸಂಜೆ ಐದಕ್ಕೆ, ಮಗಳನ್ನು ತಂಗಿಯ ಮನೆಯಲ್ಲೇ ಬಿಟ್ಟು ಬಂದ ಬನಶಂಕರಿ ಓಣಿಯ ತಿರುವಿನಲ್ಲಿ ಕಾಣಿಸಿದಳು. ಅಲ್ಲೇ ನಿಂತುಬಿಟ್ಟಳು. ಆಮೇಲೆ ಬಂದವಳು ಪ್ರಲ್ಹಾದನನ್ನು ನೋಡಲಿಲ್ಲ, ಸೀದಾ ತಂತಿಯ ಹತ್ತಿರ ಹೋಗಿ ಒಂದು ತುಂಡನ್ನು ಎರಡು ಬೆರಳಲ್ಲಿ ಹಿಡಿದಳು. ಹಳೆಯ ಕೆಂಪು ಬಿಟ್ಟು ಬಿಳಿ ಎಳೆಗಳಿಗೆಲ್ಲ ಹರಡಿತ್ತು.

"ಇದು ನಮ್ಮ ಅಜ್ಜಿ ಸೀರಿ," ಎಂದಳು.

ಪ್ರಲ್ಹಾದನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಬೆಟಗೇರಿಯ ಭೂಮಿ ಅದಕ್ಕೂ ಒಪ್ಪಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತನಗೆ ತಾನೇ ಧೈರ್ಯ ಹೇಳಿಕೊಳ್ಳುವವಳ ಹಾಗೆ, "ಹೋಗಲಿ ಬಿಡ್ರಿ," ಎಂದಳು. "ಕಂಪ್ಯೂಟರ್‌ನ್ಯಾಗಿಂದು ಐತೆಲ್ಲ."

ಪ್ರಲ್ಹಾದನ ಬದುಕಿನಲ್ಲಿ ಅದಕ್ಕಿಂತ ಭಾರವಾದ ಮಾತು ಯಾರೂ ಆಡಿರಲಿಲ್ಲ. ಅವನು ಎಲ್ಲ ಹೇಳಿದ. ಕಾಪಿಯ ಲೆಕ್ಕವನ್ನೂ ಹೇಳಿದ. ಬೆಳಿಗ್ಗೆ ಅಷ್ಟು ಬುದ್ಧಿವಂತಿಕೆಯದಾಗಿ ಕಂಡ ಆ ಲೆಕ್ಕ, ತಂತಿಯ ಮೇಲಿನ ಏಳು ತುಂಡುಗಳ ಮುಂದೆ ಹೇಳುವಾಗ ಅವನಿಗೇ ಕೇಳಲಾಗಲಿಲ್ಲ. ಬನಶಂಕರಿ ಬೈಯಲಿಲ್ಲ. ಬೈದಿದ್ದರೆ ಅವನು ಆ ರಾತ್ರಿ ಊಟ ಮಾಡುತ್ತಿದ್ದ.

ಭಾನುವಾರ ಸಂಘದವರಿಗೆ ಫೋನು ಮಾಡಿ, ಸೋಮವಾರ ಬರಬೇಡಿ ಎಂದಳು. ಬರುವ ವರ್ಷ ನೋಡೋಣ ಎಂದರು ಅವರು. ಮರುದಿನ ಬೆಳಿಗ್ಗೆ ಏಳೂ ತುಂಡುಗಳನ್ನು ಚಾಪೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿ, ಸೌಂದರ್ಯಾಳ ಹಳೆಯ ಲ್ಯಾಪ್‌ಟಾಪ್ ತೆರೆದಳು. ಪ್ರಲ್ಹಾದನ ಕೈಗೆ ಸೂಜಿ ಮತ್ತು ಭೂತಗನ್ನಡಿ ಕೊಟ್ಟಳು.

"ಕುಂಡ್ರಿ. ಒಂದೊಂದ ಎಳಿ ಎಣಸ್ರಿ."

ಅವನು ಕುಳಿತ. ಬಣ್ಣ ಬೆರೆತಲ್ಲಿ ಯಾವುದು ಬಿಳಿ, ಯಾವುದು ಕೆಂಪು ಎಂದು ತಿಳಿಯಲು ಎಳೆಯನ್ನು ಸೂಜಿಯಿಂದ ಎತ್ತಿ ಬೆಳಕಿಗೆ ಹಿಡಿಯಬೇಕಿತ್ತು. ಅವಸರ ಮಾಡಿದಾಗಲೆಲ್ಲ ಲೆಕ್ಕ ತಪ್ಪಿತು, ತಪ್ಪಿದಾಗಲೆಲ್ಲ ಸಾಲಿನ ಮೊದಲಿಂದ. ಮೊದಲ ದಿನ ಅರ್ಧ ಬೆರಳಿನಷ್ಟು ದಡಿ ಆಯಿತು. ಹದಿನೈದು ದಿನಕ್ಕೆ ಒಂದು ಹೂವು ಮುಗಿಯಿತು. ಸರಿಯಾಗಿದೆಯೋ ನೋಡಲು ಬನಶಂಕರಿ ಅಷ್ಟನ್ನೇ ಫೈಲು ಮಾಡಲು ಗುಂಡಿ ಒತ್ತಿದಳು. ಒಂದು ಹೂವಿಗೇ ಎರಡು ತಾಸು ಎಂದು ಲ್ಯಾಪ್‌ಟಾಪ್ ತೋರಿಸಿತು. ಪ್ರಲ್ಹಾದ ಅದನ್ನು ನೋಡಿ ಬೇಗನೆ ಕಣ್ಣು ತಗ್ಗಿಸಿದ.

ಬನಶಂಕರಿ ಕುರ್ಚಿಗೆ ಒರಗಿ ಕಾಲು ಚಾಚಿದಳು.

"ನಲವತ್ತು ನಿಮಿಷ ಹಿಡೀತೈತಿ ಅಂತ ನಾ ಯಾವತ್ತರ ಗೊಣಗಿದ್ನೇನ್ರಿ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. "ಮುಂಜಾನಿ ಎದ್ದಾಗಿಂದ ನನಗ ಕುಂಡರಾಕ ಸಿಗತಿದ್ದದ್ದು ಅದೊಂದ. ಮಷೀನ್ ನಡದೈತಿ ಅಂದ್ರ ನೀವೂ ಚಾ ಕೇಳತಿರಲಿಲ್ಲ."

ಪ್ರಲ್ಹಾದನಿಗೆ ಮೂವತ್ತು ವರ್ಷದಲ್ಲಿ ತಾನು ಬದಲಿಸಿದ ಪುಲ್ಲಿಗಳೆಲ್ಲ ಒಮ್ಮೆಲೇ ನೆನಪಾದವು. ಆ ಮಗ್ಗಗಳ ಮುಂದೆ ನಿಂತಿದ್ದವರ ಮುಖ ಒಂದೂ ನೆನಪಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದ. ಮೊದಲ ಸಲ ತಾನೇ ಚಹಕ್ಕಿಟ್ಟ. ನೀರು ಕುದಿಯುವ ಲಕ್ಷಣ ಕಾಣಲಿಲ್ಲ. ಒಲೆಯ ತಿರುಪಿನ ಕಡೆ ಅವನ ಕೈ ತಾನಾಗಿ ಹೋಯಿತು.

"ಸಣ್ಣ ಉರಿ ಇರಲಿ," ಎಂದಳು ಬನಶಂಕರಿ ನಡುಮನೆಯಿಂದ, ಕಣ್ಣು ತೆರೆಯದೆ. "ಇನ್ನೂ ಎರಡ ತಾಸು ಐತಿ."