ಜಿಲ್ಲೆಯ ಬುದ್ಧಿ ಅಳೆಯಲು ಹೊರಟ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕೋಲಾರದಲ್ಲಿ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಅವರು ಬೇರೆಯವರ ತಲೆಯೊಳಗೆ ಏನಿದೆ ಎಂದು ಲೆಕ್ಕ ಹಾಕುತ್ತಿದ್ದಾರೆ, ಅಷ್ಟೆ!

ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು ಸುಮ್ಮನೆ ವಾಕಿಂಗ್ ಹೋಗಬಾರದೇ? ಇವರು ಕಂಪ್ಯೂಟರಿನ ಮುಂದೆ ಕೂತು ಪೇಟೆಂಟುಗಳನ್ನು ಹುಡುಕತೊಡಗಿದರು. ಹೊಸದೇನಾದರೂ ಕಂಡುಹಿಡಿದವರು ‘ಇದು ನನ್ನದು’ ಎಂದು ಸರ್ಕಾರದಿಂದ ಹಕ್ಕು ಪಡೆಯುತ್ತಾರಲ್ಲ, ಅದರಲ್ಲಿ ಅವರ ವಿಳಾಸವೂ ಇರುತ್ತದೆ. ಆ ವಿಳಾಸ ಹಿಡಿದು, ಯಾವ ತಾಲೂಕಿನಲ್ಲಿ ಎಷ್ಟು ಹೊಸ ಬುದ್ಧಿ ಹುಟ್ಟುತ್ತಿದೆ ಎಂದು ನಕ್ಷೆ ಮಾಡುವುದು ಮಾವನ ಯೋಜನೆ. ಒಂದು ಪೇಟೆಂಟಿಗೆ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿಂದ? ಅತ್ತೆಯ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟಿನಿಂದ!

“ನನ್ ಹಣೆಗೆ ಒಂದಿಲ್ಲ, ಮಾಲೂರಿಗೆ ಮೈತುಂಬಾ ಬೊಟ್ಟು!” ಎಂದು ಅತ್ತೆ ಕೂಗಾಡಿದರು.

ಅಷ್ಟೊಂದು ಮೇಧಾವಿಗಳನ್ನು ಕಣ್ಣಾರೆ ನೋಡದಿದ್ದರೆ ಹೇಗೆ? “ಗಾಡಿ ತೆಗಿಯೇ” ಎಂದರು ಮಾವ. ನನ್ನ ಸ್ಕೂಟರ್ ಮಾಲೂರಿನ ಕಾರ್ಖಾನೆಯೊಂದರ ಮುಂದೆ ನಿಂತಿತು. ವಾಚ್‌ಮನ್ ಸಮಾಧಾನವಾಗಿ ಹೇಳಿದ: “ತಲೆ ಓಡ್ಸೋರೆಲ್ಲ ಬೆಂಗ್ಳೂರಾಗವ್ರೆ ಸಾರ್. ವಿಳಾಸ ಮಾತ್ರ ಇಲ್ಲೀದು. ನಾವು ಗೇಟು ತೆಗಿತೀವಿ.”

ಮನೆಗೆ ಬಂದು ಮಾವ ಮಾಲೂರಿನ ಬೊಟ್ಟುಗಳನ್ನು ಕಿತ್ತರು. ಅವು ಮತ್ತೆ ಅತ್ತೆಯ ಹಣೆಗೂ ಅಂಟಲಿಲ್ಲ!

ಶ್ರೀನಿವಾಸಪುರದಲ್ಲಿ ಒಂದೂ ಚುಕ್ಕೆಯಿಲ್ಲ. ಮಾವನಿಗೆ ಇದು ತಮಗೇ ಆದ ಅವಮಾನದ ಹಾಗಾಯಿತು. ತೋಟವೊಂದಕ್ಕೆ ನುಗ್ಗಿ, ಮಾವಿನಕಾಯಿ ಕೀಳುತ್ತಿದ್ದ ರೈತರೊಬ್ಬರನ್ನು ಹಿಡಿದರು. ಅವರ ಉದ್ದ ಕೋಲಿಗೆ ಸೈಕಲ್ಲಿನ ಬ್ರೇಕು ಜೋಡಿಸಿದ್ದರು; ಕೆಳಗೆ ಹಿಡಿ ಒತ್ತಿದರೆ ಮೇಲಿನ ಬ್ಲೇಡು ತೊಟ್ಟು ಕತ್ತರಿಸುತ್ತಿತ್ತು. ಮಾವ ಕುಣಿದಾಡಿಬಿಟ್ಟರು.

“ಇದಕ್ಕೆ ಪೇಟೆಂಟ್ ತಗೊಳ್ರೀ!”

“ಪೇಮೆಂಟಾ? ಯಾರು ಕೊಡ್ತಾರೆ ಸಾರ್?”

“ಪೇಮೆಂಟಲ್ರೀ, ಪೇಟೆಂಟು! ಇದನ್ನ ಕಂಡುಹಿಡಿದೋರು ನೀವು ತಾನೆ?”

“ಅಯ್ಯೋ, ನಾನಲ್ಲ ಸಾರ್. ಬ್ರೇಕು ನಮ್ ಭಾವುಂದು. ಅವ್ನಿಗೆ ಹೇಳ್ಬೇಡಿ, ಇನ್ನೂ ಹುಡುಕ್ತಾವ್ನೆ!”

ಕೊನೆಗೆ ಉಳಿದದ್ದು ಮುಳಬಾಗಿಲಿನ ಒಂದೇ ಚುಕ್ಕೆ, ನಂಗಲಿಯ ಹತ್ತಿರ. ಕಾರ್ಖಾನೆಯಲ್ಲ, ಒಬ್ಬ ಲಾರಿ ಮೆಕ್ಯಾನಿಕ್. ಮಾವ ಇಸ್ತ್ರಿ ಅಂಗಿ ತೊಟ್ಟು ಹೊರಟರು. ಬಾಗಿಲು ತೆರೆದ ವಯಸ್ಸಾದ ಹೆಂಗಸು, “ಅವ್ರು ಹೋಗಿಬಿಟ್ರು ಸಾರ್” ಎಂದರು.

ಆಕೆಯೇ ಮುಂದುವರಿಸಿದರು: “ಯಾವಾಗ್ಲೂ ಏನೋ ಗೀಚ್ಕೊಂಡು ಕೂತಿರೋರು. ಊರೋರೆಲ್ಲ ಪಿಚ್ಚೋಡು, ಹುಚ್ಚ ಅನ್ನೋರು. ಕೊನೆಕೊನೆಗೆ ನಾನೂ ಅಂದೆ. ಅದೇನು ಮಾಡಿದ್ರೋ, ನಮ್ಗೆ ತಿಳೀಲೇ ಇಲ್ಲ.”

ಮಾವ ಚೀಲದಿಂದ ಪೇಟೆಂಟಿನ ಪ್ರತಿ ತೆಗೆದು ಜಗಲಿಯ ಮೇಲೆ ಕೂತರು. ಒಂದು ತಟ್ಟೆಯನ್ನೇ ಚಕ್ರ ಮಾಡಿಕೊಂಡು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ವಿವರಿಸಿದರು: ನಡುದಾರಿಯಲ್ಲಿ ಟೈರು ಒಡೆದಾಗ, ಜೊತೆಗೆ ಯಾರೂ ಇಲ್ಲದ ಡ್ರೈವರು ಆ ಭಾರದ ಸ್ಟೆಪ್ನಿಯನ್ನು ತಾನೇ ಇಳಿಸಿ ಏರಿಸುವ ಉಪಾಯ ಅದು.

“ಒಬ್ರೇನಾ?”

“ಒಬ್ರೇ ಅಮ್ಮಾ. ಅವರಿಗಿಂತ ಮುಂಚೆ ಇದು ಯಾರಿಗೂ ಹೊಳೆದಿರಲಿಲ್ಲ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಬೀದಿಗೆ ಹೋಗಿ ಅಕ್ಕಪಕ್ಕದ ಬಾಗಿಲುಗಳನ್ನೆಲ್ಲ ತಟ್ಟಿದರು. “ಬನ್ರೇ, ಎಲ್ರೂ ಬನ್ರಿ! ಇವ್ರು ನಮ್ ಯಜಮಾನ್ರ ವಿಷ್ಯ ಹೇಳ್ತಾವ್ರೆ!”

ಎಲ್ಲರೂ ಬಂದು ಕೂತರು. ಮಾವ ಗಂಟಲು ಸರಿಮಾಡಿಕೊಂಡು, ಮೊದಲು ಆ ಮೆಕ್ಯಾನಿಕ್‌ನ ಹೆಸರನ್ನು ಗಟ್ಟಿಯಾಗಿ ಓದಿದರು.